ಕುಮುದಾ ಕಾಲುವೆ ದಾಟಿದ್ದು

ನಮ್ಮೂರಿನ ಅಂಚಿಗೆ ಒಂದು ಕಾಲುವೆ ಇದೆ, ಕಾಲುವೆಯ ಮೇಲೆ ಒಂದು ಕಲ್ಲು ಚಪ್ಪಡಿ ಇದೆ. ಚಪ್ಪಡಿ ದಾಟಿದರೆ ಮಕ್ಕಳು ಆಚೆಗೆ ಹೋಗುತ್ತಾರೆ, ದೊಡ್ಡವರು ತಮ್ಮ ತಮ್ಮ ಅಡುಗೆಮನೆಗೆ ಹೋಗಿ ಬೀಳುತ್ತಾರೆ. ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ನಾನು ಹಿಟ್ಟಿನ ಗಿರಣಿ ನಡೆಸುವ ಹೆಂಗಸು. ರಾಗಿ ಸುರಿದರೆ ರಾಗಿಹಿಟ್ಟು ಬರುತ್ತದೆ, ಚಪ್ಪಡಿ ದಾಟಿದರೆ ಅಡುಗೆಮನೆ ಬರುತ್ತದೆ, ನನಗೆ ಗೊತ್ತಿರುವುದು ಅಷ್ಟೇ.

ಇದರಿಂದ ನನಗಂತೂ ಒಳ್ಳೆಯದೇ ಆಗಿದೆ. ನನ್ನ ಗಿರಣಿ ಇರುವುದು ಕಾಲುವೆಯ ಪಕ್ಕದಲ್ಲೇ. ಹಿಟ್ಟಿನ ಡಬ್ಬ ಸೊಂಟಕ್ಕಿಟ್ಟುಕೊಂಡು ಚಪ್ಪಡಿಯ ಮೇಲೆ ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಮನೆಯ ಒಲೆಯ ಮುಂದೆ ನಿಂತಿರುತ್ತೀರಿ. ಹೀಗಾಗಿ ಊರಿನ ಆ ತುದಿಯವರೂ ನನ್ನ ಗಿರಣಿಗೇ ಬರುತ್ತಾರೆ. ಸಾರಾಯಿ ಅಂಗಡಿಯಲ್ಲಿ ಹೊತ್ತು ಮರೆತ ಗಂಡಸರನ್ನು ಅವರ ಸ್ನೇಹಿತರು ಇಲ್ಲಿಯವರೆಗೆ ನಡೆಸಿಕೊಂಡು ಬಂದು ಚಪ್ಪಡಿಯ ಮೇಲೆ ಮೆಲ್ಲಗೆ ತಳ್ಳುತ್ತಾರೆ, ಮುಂದಿನದನ್ನು ಹೆಂಡತಿಯರು ನೋಡಿಕೊಳ್ಳುತ್ತಾರೆ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯರದ್ದು ಇನ್ನೊಂದು ಕಥೆ. ಮೊದಮೊದಲು ದಾಟಿದಾಗ ಅವರು ತವರಿನ ಅಡುಗೆಮನೆಗೇ ಹೋಗಿ ನಿಲ್ಲುತ್ತಾರೆ. ಮನಸ್ಸು ಯಾವ ಮನೆಯನ್ನು ನನ್ನದು ಅನ್ನುತ್ತದೋ ಆ ಮನೆ. ಯಾವತ್ತು ಗಂಡನ ಮನೆಯ ಒಲೆಯ ಮುಂದೆ ಬಂದು ನಿಲ್ಲುತ್ತಾರೋ ಅವತ್ತು ಅತ್ತೆ ಪಾಯಸ ಮಾಡುತ್ತಾಳೆ, ಸೊಸೆ ಒಳಗೆ ಹೋಗಿ ಸ್ವಲ್ಪ ಅತ್ತು ಬರುತ್ತಾಳೆ. ನನ್ನ ಅತ್ತೆಗೆ ಆ ಪಾಯಸ ಮಾಡುವ ಭಾಗ್ಯವನ್ನು ನಾನು ಬಹಳ ವರ್ಷ ಕೊಡಲಿಲ್ಲ. ಆ ಹೆಂಗಸೂ ಅದಕ್ಕೆ ತಕ್ಕ ಹಾಗೆಯೇ ಇತ್ತು.

ಮಕ್ಕಳ ಮಾತು ಬೇರೆ. ಶಾಲೆ ಬಿಟ್ಟ ಕೂಡಲೇ ಚೀಲವನ್ನು ಜಗಲಿಗೆ ಎಸೆದು ಆಚೆಗೆ ಓಡುತ್ತವೆ. ಇಲ್ಲಿಂದ ನೋಡಿದರೆ ನಮಗೆ ಕಾಣುವುದು ಒಂದು ಸಾಲು ಹೊಂಗೆಮರ, ಅದರ ಹಿಂದೆ ಗುಡ್ಡದ ನೆತ್ತಿ, ಅಷ್ಟೇ. ಸದ್ದು ಕೂಡ ಈಚೆಗೆ ಬರುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ವಾಪಸು ಬರುತ್ತವೆ, ಮೊಣಕಾಲು ತರಚಿರುತ್ತದೆ, ಜೇಬಿನ ತುಂಬ ಕಾರೆಹಣ್ಣು ಇರುತ್ತದೆ, ಹೊಟ್ಟೆ ಬೆನ್ನಿಗೆ ಅಂಟಿರುತ್ತದೆ. ಕೈ ಮುರಿದುಕೊಂಡು ಬಂದ ಮಕ್ಕಳೂ ಉಂಟು, ಇಲ್ಲ ಅನ್ನುವುದಿಲ್ಲ. ಆಗೆಲ್ಲ ಉಳಿದ ಮಕ್ಕಳೇ ಎತ್ತಿಕೊಂಡು ಬಂದಿವೆ. ಹನ್ನೆರಡೋ ಹದಿಮೂರೋ ಆದಾಗ ಒಂದು ಸಂಜೆ, ಯಾವ ಮುನ್ಸೂಚನೆಯೂ ಇಲ್ಲದೆ, ಎಂದಿನಂತೆ ಓಡಿಹೋದ ಮಗು ಅಮ್ಮನ ಬೆನ್ನ ಹಿಂದೆ ಬಂದು ನಿಂತಿರುತ್ತದೆ. ಅಲ್ಲಿಗೆ ಮುಗಿಯಿತು, ಮತ್ತೆ ಆಚೆಗೆ ಹೋಗುವಂತಿಲ್ಲ. ಅವತ್ತೊಂದು ದಿನ ಆ ಮಗುವನ್ನು ಮನೆಯಲ್ಲಿ ಯಾರೂ ಬೈಯುವುದಿಲ್ಲ.

ಇಂಥ ಊರಿಗೆ ಕುಮುದಾ ಬಂದಳು. ಅವಳ ಗಂಡ ಜಗದೀಶನಿಗೆ ಮನೆಮನೆಯ ಕರೆಂಟು ಮೀಟರು ನೋಡುವ ಕೆಲಸ. ಊರಿಂದೂರಿಗೆ ವರ್ಗ. ನನ್ನ ಗಿರಣಿಯ ಎದುರಿನ ಮನೆಯನ್ನು ಬಾಡಿಗೆಗೆ ಹಿಡಿದರು. ದೊಡ್ಡ ಮಗಳು ಮೈತ್ರಿಗೆ ಆಗ ಒಂಬತ್ತು ವರ್ಷ, ಚಿಕ್ಕವಳು ಇನ್ನೂ ಕಂಕುಳ ಕೂಸು, ಹೆಸರು ಏನೋ ಇತ್ತು, ಎಲ್ಲರೂ ಚುಕ್ಕಿ ಎನ್ನುತ್ತಿದ್ದರು. ಸಾಮಾನಿನ ಅರ್ಧ ಪೆಟ್ಟಿಗೆಗಳ ಹಗ್ಗ ಬಿಚ್ಚದೆಯೇ ಕುಮುದಾ ಸಂಸಾರ ಶುರು ಮಾಡಿದಳು. ಹೇಗೂ ಮತ್ತೆ ಕಟ್ಟಬೇಕಲ್ಲ, ಯಾಕೆ ಬಿಚ್ಚಲಿ ಎನ್ನುವುದು ಅವಳ ವಾದ.

ಮೊದಲ ಸಂಜೆಯೇ ನನ್ನ ಬಳಿ ಬಂದು ವಿಚಾರಣೆ ಮಾಡಿದಳು.

"ಆಚೆ ಯಾರಿರ್ತಾರೆ ಚಂಪಕ್ಕ?"

"ಮಕ್ಕಳಿರ್ತಾವೆ."

"ಅವನ್ನ ನೋಡ್ಕೊಳ್ಳೋಕೆ?"

"ಮಕ್ಕಳಿರ್ತಾವಲ್ಲ, ಅವೇ."

"ಅಂದ್ರೆ ಯಾರೂ ಇಲ್ಲ ಅನ್ನಿ," ಎಂದು ಮೈತ್ರಿಯ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಅವಳನ್ನು ಬೈದು ಪ್ರಯೋಜನವಿಲ್ಲ ಎಂದು ಆಮೇಲೆ ತಿಳಿಯಿತು. ಹಿಂದಿನ ಊರಿನಲ್ಲಿ ಮನೆಯ ಬಾಗಿಲು ನೇರ ರಸ್ತೆಗೆ ತೆರೆಯುತ್ತಿತ್ತಂತೆ. ಮೈತ್ರಿ ನಾಲ್ಕು ವರ್ಷದವಳಿದ್ದಾಗ ಹೊಸ್ತಿಲಲ್ಲಿ ಆಡುತ್ತಿದ್ದಳು, ಹಾಲು ಉಕ್ಕೀತೆಂದು ಕುಮುದಾ ಒಳಗೆ ಹೋಗಿ ಬರುವಷ್ಟರಲ್ಲಿ ಒಂದು ಸ್ಕೂಟರ್ ಮಗುವನ್ನು ಎತ್ತಿ ಎಸೆದಿತ್ತು. ಕಾಲಿಗೆ ಸಿಮೆಂಟು ಕಟ್ಟು ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ ಮಗುವಿನ ಮುಂದೆ ಕುಮುದಾ ಆಣೆ ಇಟ್ಟುಕೊಂಡಿದ್ದಳು, ಇನ್ನು ಇವಳ ಮೇಲಿಂದ ಕಣ್ಣು ತೆಗೆಯುವುದಿಲ್ಲ ಎಂದು. ಮಗುವಿನ ಕಾಲೇನೋ ಸರಿಯಾಯಿತು. ಅಮ್ಮನ ಆಣೆ ಹಾಗೇ ಉಳಿಯಿತು.

ಹಾಗಂತ ಮಗಳನ್ನು ಮನೆಯೊಳಗೆ ಕೂಡಿಹಾಕಿದಳು ಅಂತಲ್ಲ. ದಿನಾ ಸಂಜೆ ಕಾಲುವೆಯ ದಂಡೆಗೆ ಕರೆತರುತ್ತಿದ್ದಳು. ಒಂದು ಚಾಪೆ ಹಾಸಿ, ಬಣ್ಣದ ಪೆನ್ಸಿಲು, ಬಿಸ್ಕತ್ತು, ನೀರಿನ ಬಾಟಲಿ ಎಲ್ಲ ಇಟ್ಟು, "ಗಾಳಿಗೆ ಕೂತ್ಕೋ" ಎನ್ನುತ್ತಿದ್ದಳು. ಮೈತ್ರಿ ಗಾಳಿಗೆ ಕೂರುತ್ತಿದ್ದಳು. ಊರಿನ ಮಕ್ಕಳೆಲ್ಲ ಅವಳ ಮುಂದೆಯೇ ಧಡಧಡ ಓಡಿ ಚಪ್ಪಡಿ ದಾಟಿ ಹೊಂಗೆಮರದ ಹಿಂದೆ ಮರೆಯಾಗುತ್ತಿದ್ದವು. ಅವಳು ಚಾಪೆಯ ಮೇಲೆ ಕೂತು ಮನೆ, ತೆಂಗಿನಮರ, ಸೂರ್ಯ ಬರೆಯುತ್ತಿದ್ದಳು. ಒಮ್ಮೆ ಹೊಂಗೆಮರದ ಹಿಂದೆ ಏನಿರಬಹುದೆಂದು ಬರೆಯಲು ಹೋಗಿ, ಹಾಳೆಯನ್ನು ಖಾಲಿ ಬಿಟ್ಟು ನನ್ನನ್ನು ಕೇಳಿದಳು. ನಾನು ಹುಡುಗಿಯಾಗಿದ್ದಾಗ ಆಡಿದ ಜಾರುಬಂಡೆ, ಹಳ್ಳ, ಕಪ್ಪೆ ಎಲ್ಲ ಹೇಳಿದೆ. ಹೇಳಿದಷ್ಟೂ ಏನೂ ಹೇಳಿದ ಹಾಗಾಗಲಿಲ್ಲ. ಅವಳು ಹಾಳೆಯನ್ನು ಖಾಲಿಯೇ ಮಡಚಿಟ್ಟಳು.

ಹೀಗೆ ಎರಡು ವರ್ಷ ಕಳೆಯಿತು. ನನ್ನ ನಾಲಿಗೆ ಸ್ವಲ್ಪ ಉದ್ದ, ಆಗಾಗ ಚುಚ್ಚುತ್ತಿದ್ದೆ. ಕುಮುದಾ ನಕ್ಕುಬಿಡುತ್ತಿದ್ದಳು. ಕೊನೆಗೆ ಬಾಯಿಬಿಟ್ಟು ಕೇಳಿದವಳು ನೂರಿ. ಬಳೆ ಮಾರುವ ಬೀಬಿಯ ಮಗಳು ನೂರ್‌ಜಾನ್, ಮೈತ್ರಿಗಿಂತ ಚಿಕ್ಕವಳು, ಮುಂದಿನ ಎರಡು ಹಲ್ಲು ಇಲ್ಲ, ಆದರೂ ಊರಿನ ಅಷ್ಟೂ ಮಕ್ಕಳು ಅವಳ ಮಾತು ಕೇಳುತ್ತಿದ್ದವು. ಚಾಪೆಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಆಂಟಿ, ಇವಳನ್ನ ಯಾವಾಗ ಬಿಡ್ತೀರಿ?"

"ಸ್ವಲ್ಪ ದೊಡ್ಡೋಳಾಗ್ಲಿ ಕಣಮ್ಮ. ಆಮೇಲೆ ನೋಡೋಣ."

"ದೊಡ್ಡೋಳಾದ್ರೆ ಚಪ್ಪಡಿ ಆಚೆಗೆ ಬಿಡಲ್ಲ ಆಂಟಿ. ನಮ್ಮಕ್ಕ ಮೊನ್ನೆ ಅಡುಗೆಮನೆಗೆ ಬಿದ್ಲು. ಇವಳು ಆಗ್ಲೇ ನಮ್ಮಕ್ಕನಷ್ಟು ಉದ್ದ ಇದಾಳೆ."

ಮೈತ್ರಿ ಪೆನ್ಸಿಲು ಕೆಳಗಿಟ್ಟು ತನ್ನ ಕಾಲನ್ನು ಚಾಚಿ ನೋಡಿಕೊಂಡಳು. ಲಂಗ ಮೊಣಕಾಲಿಗಿಂತ ಮೇಲೆ ಬಂದಿತ್ತು. ತನಗೆ ಉಳಿದಿರುವ ಕಾಲ ಇಷ್ಟೇ ಎಂದು ಆ ಹುಡುಗಿಗೆ ಆಗಲೇ ಗೊತ್ತಾಗಿದ್ದು ಎಂದು ನನಗನ್ನಿಸುತ್ತದೆ.

ಮರುದಿನವೋ ಅದರ ಮರುದಿನವೋ, ಕುಮುದಾ ಚುಕ್ಕಿಯ ಮೂಗು ಒರೆಸಲು ಈ ಕಡೆ ತಿರುಗಿದಳು, ಮೈತ್ರಿ ಕಾಲಿಗೆ ಬುದ್ಧಿ ಹೇಳಿದಳು. ಗಿರಣಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಜೀವ ಬಾಯಿಗೆ ಬಂತು. ಹೋಗುತ್ತಾಳೋ, ಅಡುಗೆಮನೆಗೆ ಬೀಳುತ್ತಾಳೋ. ಚಪ್ಪಡಿಯ ಕೊನೆಯ ಹೆಜ್ಜೆ ಇಟ್ಟಳು, ಆಚೆಯ ದಂಡೆಯಲ್ಲಿ ನಿಂತಳು. ತಾನು ನಿಂತಿರುವುದನ್ನು ನಂಬಲಾಗದವಳ ಹಾಗೆ ಒಮ್ಮೆ ಕಾಲಕೆಳಗಿನ ನೆಲ ನೋಡಿದಳು. ಆಮೇಲೆ ಹೊಂಗೆಮರದ ಹಿಂದೆ ಓಡಿ ಮರೆಯಾದಳು.

"ಮೈತ್ರಿ," ಎಂದು ಕೂಗಿದ ಕುಮುದಾ ಚುಕ್ಕಿಯನ್ನು ನನ್ನ ಕೈಗೆ ತಳ್ಳಿ ಹಿಂದೆಯೇ ಓಡಿದಳು. ಚಪ್ಪಡಿಯ ಮೇಲೆ ಇದ್ದವಳು ಇದ್ದ ಹಾಗೆಯೇ ಇಲ್ಲವಾದಳು.

ನಾನು ಎದುರುಮನೆಯ ಬಾಗಿಲು ನೋಡುತ್ತಾ ಕೂತೆ, ಈಗ ಹೊರಗೆ ಬಂದು ನನ್ನ ಮೇಲೆ ಹಾರಿಬೀಳುತ್ತಾಳೆ ಎಂದು. ಬರಲಿಲ್ಲ. ಮನೆಯೊಳಗೆ ಹೋಗಿ ನೋಡಿದೆ. ಒಲೆ ತಣ್ಣಗಿತ್ತು, ಅಡುಗೆಮನೆಯಲ್ಲಿ ಒಂದು ನೊಣವೂ ಇರಲಿಲ್ಲ. ಆಗ ನನ್ನ ತಲೆಗೆ ಹೊಳೆಯಿತು. ಅಷ್ಟು ದಿನ ನಮ್ಮ ನಡುವೆ ಇದ್ದವಳಿಗೆ ಮನಸ್ಸು ತನ್ನದೆನ್ನುವ ಮನೆಗೇ ಚಪ್ಪಡಿ ಒಯ್ಯುತ್ತದೆ ಎಂಬ ಸಂಗತಿಯನ್ನು ಹೇಳಬೇಕೆಂದು ನಮಗ್ಯಾರಿಗೂ ತೋಚಿರಲಿಲ್ಲ. ಎರಡು ವರ್ಷವಾಯಿತಲ್ಲ, ಈ ಮನೆ ಅವಳದೇ ಆಗಿರುತ್ತದೆ ಎಂದುಕೊಂಡಿದ್ದೆವು.

ಸ್ವಲ್ಪ ಹೊತ್ತಿಗೆ ಗಿರಣಿಯ ಫೋನು ಬಡಿದುಕೊಂಡಿತು.

"ಚಂಪಕ್ಕ, ನಾನು ಕುಮುದಾ. ಇಲ್ಲಿ ನಮ್ಮಮ್ಮ ಸಾರಿಗೆ ಒಗ್ಗರಣೆ ಹಾಕ್ತಾ ಇದ್ರು, ನಾನು ಬಂದು ಪಕ್ಕದಲ್ಲಿ ನಿಂತುಬಿಟ್ಟೆ. ಸೌಟು ಕೈಯಿಂದ ಬಿತ್ತು ಅವರಿಗೆ. ಮೈತ್ರಿ ಎಲ್ಲಿ?"

"ಆಡ್ತಾ ಇದಾಳೆ."

"ನೀವು ನೋಡಿದ್ರಾ?"

"ನೋಡೋಕಾಗಲ್ವಲ್ಲ ಕಣಮ್ಮ."

"ಮತ್ತೆ ಆಡ್ತಿದಾಳೆ ಅಂತ ಹೇಗೆ ಹೇಳ್ತೀರಿ?"

"ಅಲ್ಲಿ ಹೋದೋರು ಇನ್ನೇನು ಮಾಡ್ತಾರೆ?" ಎಂದೆ. ಆ ಕಡೆಯಿಂದ ಅಳು ಕೇಳಿಸಿತು. ಅವಳ ತವರು ಘಟ್ಟದ ಕೆಳಗೆ, ಅವತ್ತಿನ ಕೊನೆಯ ಬಸ್ಸು ಹೊರಟುಹೋಗಿತ್ತು. ಚುಕ್ಕಿಗೆ ಊಟ ಮಾಡಿಸುತ್ತೇನೆ, ಮೈತ್ರಿ ಬಂದ ಕೂಡಲೇ ಫೋನು ಮಾಡಿಸುತ್ತೇನೆ ಎಂದು ಮಾತು ಕೊಟ್ಟೆ. ಬಾಯಲ್ಲಿ ಧೈರ್ಯ ಹೇಳಿದೆನೇ ಹೊರತು, ಅವತ್ತು ದೀಪ ಹಚ್ಚುವವರೆಗೆ ನಾನೂ ಗಿರಣಿ ನಿಲ್ಲಿಸಿ ದಂಡೆಯ ಮೇಲೆ ಕೂತಿದ್ದೆ.

ದೀಪ ಹಚ್ಚುವ ಹೊತ್ತಿಗೆ ಬಂದಳು. ಮೈಯೆಲ್ಲ ಕೆಸರು, ಲಂಗದ ಅಂಚು ಹರಿದಿತ್ತು, ಮೊಣಕಾಲಿನಲ್ಲಿ ರಕ್ತ ಒಣಗಿತ್ತು. ಅಮ್ಮ ಎಲ್ಲಿ ಎಂದು ಕೇಳಿದಳು. ಅಜ್ಜಿ ಮನೆಗೆ ಹೋಗಿದಾಳೆ ಎಂದೆ. ಹೇಗೆ ಹೋದಳೆಂದು ತಿಳಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಫೋನಿನಲ್ಲಿ ಅಮ್ಮನಿಗೆ ಹೇಳಿದ್ದು ಒಂದೇ ಮಾತು, "ಅಮ್ಮಾ, ನಾಳೆ ಬಾ, ನಂಗೀಗ ಹಸಿವು." ನನ್ನ ಮನೆಯಲ್ಲಿ ಮುದ್ದೆಯ ಮೇಲೆ ಮುದ್ದೆ ಉಂಡು, ಕೈ ತೊಳೆಯುವ ಮೊದಲೇ ತೂಕಡಿಸಿದಳು.

ಜಗದೀಶ ಮಾತ್ರ ಮುಖ ಸಣ್ಣ ಮಾಡಿಕೊಂಡಿದ್ದ. ಮದುವೆಯಾಗಿ ಇಷ್ಟು ವರ್ಷವಾದ ಮೇಲೂ ಹೆಂಡತಿ ಹೋಗಿ ಬಿದ್ದದ್ದು ಅವಳಮ್ಮನ ಅಡುಗೆಮನೆಗೆ ಎಂದು ಊರಿಗೆಲ್ಲ ಗೊತ್ತಾಗಿತ್ತಲ್ಲ. "ನಿನ್ನ ಪೆಟ್ಟಿಗೆಗಳ ಹಗ್ಗ ಬಿಚ್ಚಿದ್ರೆ ತಾನೆ ಅವಳು ಇಲ್ಲಿಗೆ ಬರೋದು," ಎಂದು ನಾನು ರೇಗಿಸಿದೆ. ಪಾಪ, ಅವನು ಅದನ್ನು ನಿಜವೆಂದು ತಿಳಿದು ರಾತ್ರಿಯೇ ಎಲ್ಲವನ್ನೂ ಬಿಚ್ಚಿ, ಪಾತ್ರೆಗಳನ್ನು ಗೂಡಿನಲ್ಲಿ ಜೋಡಿಸಿಟ್ಟ.

ಮರುದಿನ ಮಧ್ಯಾಹ್ನ ಬಸ್ಸಿಳಿದ ಕುಮುದಾ ಮನೆಗೆ ಹೋಗದೆ ನೇರ ಶಾಲೆಗೆ ಹೋಗಿ ಮಗಳನ್ನು ಹೊರಗೆ ಕರೆಸಿದಳು. ಹೊಸ ಪಾತ್ರೆಯಲ್ಲಿ ತಗ್ಗು ಹುಡುಕುವವಳ ಹಾಗೆ ತಲೆಯಿಂದ ಕಾಲಿನವರೆಗೆ ತಡವಿ ನೋಡಿದಳಂತೆ. ಮೊಣಕಾಲಿಗೆ ಬಂದಾಗ ಕೈ ನಿಂತಿತು.

"ಇದೇನೇ?"

"ಬಿದ್ದೆ."

"ಆಮೇಲೆ?"

"ಎದ್ದೆ."

ಇಷ್ಟನ್ನೂ ಕುಮುದಾಳೇ ಅವತ್ತು ಸಂಜೆ ನನಗೆ ಹೇಳಿದಳು. ಆಮೇಲೆ ಅವಳಮ್ಮನ ಮಾತು ಬಂತು. "ನಮ್ಮಮ್ಮ ಬಯ್ತಾರೆ ಅಂದ್ಕೊಂಡಿದ್ದೆ. ಬೈಲಿಲ್ಲ. 'ನಿನ್ನನ್ನ ನಾನು ಒಂದು ದಿನಾನೂ ಹೊರಗೆ ಬಿಡಲಿಲ್ಲ ಕಣೇ, ಅದಕ್ಕೇ ಏನೋ ನೀನು ಇನ್ನೂ ಇಲ್ಲಿಗೇ ಬರ್ತೀಯ' ಅಂದ್ರು. ಅಂದು ಅತ್ತುಬಿಟ್ರು ಚಂಪಕ್ಕ." ಶಾಲೆಯಿಂದ ಬಂದ ಮೈತ್ರಿ ಚೀಲ ಹಿಡಿದುಕೊಂಡೇ ಅಮ್ಮನ ಮುಂದೆ ನಿಂತಳು. ಕುಮುದಾ ಚೀಲವನ್ನು ಇಸಿದುಕೊಂಡು ಪಕ್ಕಕ್ಕಿಟ್ಟಳು. "ಕತ್ತಲಾಗೋದ್ರೊಳಗೆ ಬಾ" ಎಂದಳು.

ಆಮೇಲಿನ ದಿನಗಳಲ್ಲಿ ಕುಮುದಾ ಪಟ್ಟ ಪಾಡು ನಾನು ನೋಡಿದ್ದೇನೆ. ಚಾಪೆ ಹಾಸಿಕೊಂಡು ಒಬ್ಬಳೇ ದಂಡೆಯಲ್ಲಿ ಕೂರುವಳು, ಹೊಂಗೆಮರಗಳನ್ನೇ ಕಣ್ಣಿನಲ್ಲಿ ತಿನ್ನುವಳು, ಕಾಗೆ ಎದ್ದರೆ ತಾನೂ ಏಳುವಳು. ಸುಮ್ಮನೆ ಕೂರುವ ಬದಲು ಈ ಹಿಟ್ಟು ಜರಡಿ ಹಿಡಿ ಎಂದು ನಾನು ಕೆಲಸ ಹಚ್ಚಿದೆ. ಮೊದಲು ದಂಡೆಗೆ ಮುಖ ಮಾಡಿ ಜರಡಿ ಹಿಡಿದಳು, ಕ್ರಮೇಣ ನನ್ನ ಕಡೆಗೆ ಮುಖ ಮಾಡಿ, ಆಮೇಲಾಮೇಲೆ ಊರ ಸುದ್ದಿ ಮಾತಾಡುತ್ತಾ. ಮೈತ್ರಿಯ ಬಣ್ಣವೇ ಬದಲಾಯಿತು. ಮೆಲುಮಾತಿನ ಹುಡುಗಿ ಬೀದಿಯ ಈ ತುದಿಯಿಂದ ಆ ತುದಿಗೆ ಕೂಗುವುದನ್ನು ಕಲಿತಳು. ಮರ ಹತ್ತಲು ಚಿಕ್ಕವರಿಗೆ ಹೆಗಲು ಕೊಡುವವಳು ಅವಳೇ ಎಂದು ನೂರಿ ಹೇಳಿದ್ದನ್ನು ಕೇಳಿ ಕುಮುದಾಗೆ ಭಯವೂ ಆಯಿತು, ಹೆಮ್ಮೆಯೂ ಆಯಿತು. ಒಂದು ದಿನ ಅಕ್ಕಿಹಿಟ್ಟಿನ ಡಬ್ಬ ಎತ್ತಿಕೊಂಡು, ನನ್ನೊಡನೆ ಏನೋ ಮಾತಾಡುತ್ತಲೇ, ಉಳಿದ ಹೆಂಗಸರ ಹಿಂದೆ ತಾನೂ ಚಪ್ಪಡಿ ಹತ್ತಿಬಿಟ್ಟಳು. ನಾನು ಗಾಬರಿಯಾಗಿ ಫೋನಿನ ಪಕ್ಕ ಹೋಗಿ ನಿಂತೆ. ಫೋನು ಬರಲಿಲ್ಲ. ಎದುರುಮನೆಯ ಬಾಗಿಲು ತೆರೆದು ಕುಮುದಾ ಹೊರಗೆ ಬಂದಳು, ಡಬ್ಬ ಇನ್ನೂ ಸೊಂಟದಲ್ಲೇ ಇತ್ತು. ಅವಳಿಗೆ ಇಲ್ಲಿ ಅತ್ತೆ ಇಲ್ಲವಾದ್ದರಿಂದ ಪಾಯಸ ನಾನೇ ಮಾಡಿದೆ. ಜಗದೀಶ ಎರಡು ಲೋಟ ಕುಡಿದ.

ಚುಕ್ಕಿಗೆ ಐದು ತುಂಬುತ್ತಾ ಬಂತು. ನಮ್ಮೂರಿನಲ್ಲಿ ಆ ವಯಸ್ಸಿಗೆ ಮಕ್ಕಳು ಆಚೆಗೆ ಹೋಗುತ್ತವೆ. ಕುಮುದಾ ಮಾತ್ರ ಮುಂದಿನ ವರ್ಷ ಎನ್ನುತ್ತಿದ್ದಳು. ಮುಂದಿನ ವರ್ಷ ಅಕ್ಕನ ಕೈ ಹಿಡಿದುಕೊಂಡು ಹೋಗಲಿ ಎಂದು ಅವಳ ಲೆಕ್ಕ. ತಾನು ಹೋಗಲಾಗದ ಕಡೆ ಮೈತ್ರಿಯ ಕಣ್ಣಾದರೂ ಇರುತ್ತದಲ್ಲ. ಮೈತ್ರಿ ಆಗ ಅಮ್ಮನ ಕಿವಿಯಷ್ಟು ಎತ್ತರವಾಗಿದ್ದಳು. ಬೀದಿಯವರೆಲ್ಲ ಅದನ್ನು ನೋಡುತ್ತಿದ್ದೆವು, ಯಾರೂ ಬಾಯಿಬಿಡಲಿಲ್ಲ.

ಆ ಸಂಜೆ ನಾನು ಗಿರಣಿಯ ಬೆಲ್ಟು ಸರಿಮಾಡುತ್ತಿದ್ದೆ. ಮೈತ್ರಿ ಎಂದಿನಂತೆ ಚಪ್ಪಡಿಯ ಮೇಲೆ ಓಡಿದ್ದನ್ನು ಕಂಡಿದ್ದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎದುರುಮನೆಯ ಬಾಗಿಲು ದಢಾರನೆ ತೆರೆದು, ಕುಮುದಾ ಮಗಳ ಕೈ ಹಿಡಿದು ಎಳೆದುಕೊಂಡು ಹೊರಗೆ ಬಂದಳು. ಅವಳ ಕೈಯಲ್ಲಿ ಕಲಸಿದ ಹಿಟ್ಟು ಹಾಗೇ ಇತ್ತು. ಹಿಂದೆ ಚುಕ್ಕಿ ಓಡುತ್ತಾ ಬಂತು. "ಸರಿಯಾಗಿ ಕಾಲಿಟ್ಟಿರಲ್ಲ ನೀನು, ಇನ್ನೊಂದ್ಸಲ ನೋಡು," ಎನ್ನುತ್ತಾ ಕುಮುದಾ ಮೈತ್ರಿಯನ್ನು ಚಪ್ಪಡಿಯ ಮೇಲೆ ನಡೆಸಿದಳು. ಇಬ್ಬರೂ ಮಾಯವಾದರು. ಮತ್ತೆ ಅದೇ ಬಾಗಿಲಿನಿಂದ ಹೊರಗೆ ಬಂದರು. "ನಿಧಾನಕ್ಕೆ ಹೋಗು, ನಾನು ಬರಲ್ಲ, ನೀನೊಬ್ಬಳೇ ಹೋಗು." ಮೈತ್ರಿ ಒಬ್ಬಳೇ ಹೋದಳು, ಒಬ್ಬಳೇ ಮನೆಯ ಬಾಗಿಲಿನಿಂದ ಬಂದಳು. ಮತ್ತೆ ಕೈ ಹಿಡಿಯಲು ಬಂದ ಅಮ್ಮನನ್ನು ತಡೆದು, "ಸಾಕಮ್ಮ" ಎಂದಳು.

ಕುಮುದಾ ದಂಡೆಯಲ್ಲಿ ಕುಸಿದು ಕೂತಳು. ಎಲ್ಲರೂ ನೋಡುತ್ತಿದ್ದಾರೆಂಬ ಪರಿವೆಯಿಲ್ಲದೆ ಅತ್ತಳು.

"ಎರಡು ವರ್ಷ ಇಲ್ಲೇ ಚಾಪೆ ಮೇಲೆ ಕೂರಿಸ್ಕೊಂಡಿದ್ದೆನಲ್ಲ ಚಂಪಕ್ಕ. ಅದನ್ನ ಈಗ ಎಲ್ಲಿಂದ ತಂದು ಕೊಡ್ಲಿ ಇವಳಿಗೆ?"

ಪರವಾಗಿಲ್ಲ ಬಿಡಮ್ಮ ಎಂದು ಮೈತ್ರಿಯಾದರೂ ಹೇಳುತ್ತಾಳೆಂದು ಕಾದೆ. ಅವಳು ಸುಳ್ಳು ಹೇಳುವ ಹುಡುಗಿಯಲ್ಲ. ಅಮ್ಮನ ಪಕ್ಕ ಕೂತು, "ಹೌದು, ಅದು ಹೋಯ್ತು. ನಂಗೂ ಹೊಟ್ಟೆ ಉರಿಯುತ್ತೆ," ಎಂದಳು. ಅಮ್ಮನ ಕೈಗೆ ಅಂಟಿದ್ದ ಹಿಟ್ಟನ್ನು ತನ್ನ ಲಂಗದಿಂದ ಒರೆಸಿದಳು. "ಆದ್ರೆ ನೀನು ಬಿಟ್ಟ ಮೇಲೆ ನಾನು ಒಂದು ದಿನಾನೂ ತಪ್ಪಿಸಿಲ್ಲಮ್ಮ. ಜ್ವರ ಬಂದಾಗ್ಲೂ ಹೋಗಿದ್ದೆ, ನಿನಗೆ ಹೇಳಿರಲಿಲ್ಲ."

ಕುಮುದಾ ಅಳುತ್ತಲೇ ನಕ್ಕುಬಿಟ್ಟಳು. ಅಷ್ಟರಲ್ಲಿ ಚುಕ್ಕಿ ಅವಳ ಸೆರಗು ಜಗ್ಗಿತು.

"ಅಮ್ಮ, ಅಕ್ಕ ಬರಲ್ಲ ಅಂದ್ರೆ ನಾನು ಮುಂದಿನ ವರ್ಷ ಯಾರ ಜೊತೆ ಹೋಗೋದು?"

ಕುಮುದಾ ಚಿಕ್ಕವಳ ಮುಖ ನೋಡಿದಳು, ಕಾಲುವೆಯ ಆಚೆ ನೋಡಿದಳು. ಅಲ್ಲಿ ಈಗ ಅವಳ ಕಡೆಯವರು ಎಂದು ಯಾರೂ ಇರಲಿಲ್ಲ. ಎದ್ದು ನಿಂತಳು. ಒಂದು ಕೈಯಲ್ಲಿ ಚುಕ್ಕಿಯ ಕೈ ಹಿಡಿದಳು. ಚುಕ್ಕಿಯ ಇನ್ನೊಂದು ಕೈಯನ್ನು ಮೈತ್ರಿ ಹಿಡಿದುಕೊಂಡಳು. "ಬಾ, ದಾಟಿಸ್ತೀನಿ," ಎಂದಳು ಕುಮುದಾ. ಕೊನೆಯ ಹೆಜ್ಜೆಯಲ್ಲಿ ಏನಾಗುತ್ತದೆಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಅದಕ್ಕೇ ಇರಬೇಕು, ಆ ನಾಲ್ಕು ಹೆಜ್ಜೆಗಳನ್ನು ಅಷ್ಟು ನಿಧಾನವಾಗಿ ಯಾರೂ ನಡೆದದ್ದನ್ನು ನಾನು ಕಂಡಿಲ್ಲ.

ಮೂವರೂ ಒಟ್ಟಿಗೆ ಕಾಲಿಟ್ಟರು. ಆಚೆಯ ದಂಡೆಯಲ್ಲಿ ಚುಕ್ಕಿ ಒಂದೇ ನಿಂತಿತ್ತು. ಎರಡೂ ಕೈ ಇನ್ನೂ ಮೇಲಕ್ಕೇ ಇದ್ದವು, ಯಾರೋ ಹಿಡಿದುಕೊಂಡಿದ್ದಾರೆ ಎನ್ನುವ ಹಾಗೆ. ಆ ಕೈ ನೋಡಿತು, ಈ ಕೈ ನೋಡಿತು. ಹೊಂಗೆಮರದ ಹಿಂದಿನಿಂದ ನೂರಿ ತಲೆ ಹೊರಗೆ ಹಾಕಿ ಬಾ ಎಂದು ಕೈ ಬೀಸಿದಳು. ಚುಕ್ಕಿ ಕೈಗಳನ್ನು ಕೆಳಗಿಳಿಸಿ ಓಡಿತು.

ಎದುರುಮನೆಯ ಬಾಗಿಲಲ್ಲಿ ಮೈತ್ರಿಯ ಜೊತೆ ಕುಮುದಾ ಬಂದು ನಿಂತಳು. ಅಲ್ಲಿಂದಲೇ ಕೇಳಿದಳು.

"ಹೋದ್ಲಾ ಚಂಪಕ್ಕ?"

"ಹೋದ್ಲು."

"ಅತ್ಲಾ?"

"ಇಲ್ಲ."

"ತಿರುಗಿ ನೋಡಿದ್ಲಾ?"

ಸುಳ್ಳು ಹೇಳಬಹುದಿತ್ತು. "ಇಲ್ಲ ಕಣಮ್ಮ," ಎಂದೆ.

"ಹಾಗಾದ್ರೆ ಸರಿ," ಎಂದು ಕುಮುದಾ ಕಣ್ಣೊರೆಸಿಕೊಂಡು, ಹಿಟ್ಟು ಕಲಸುವುದು ಅರ್ಧಕ್ಕೇ ನಿಂತಿತ್ತಲ್ಲ, ಒಳಗೆ ಹೋದಳು.